ಮನೆ ಉಳಿಯಬೇಕಾದರೆ ಮೊದಲು ಮನೆಯೊಳಗಿನ ಜೀವ ಉಳಿಯಬೇಕು: ಕೌಟುಂಬಿಕ ಹಿಂಸೆ, ಆಪ್ತಸಮಾಲೋಚನೆ ಮತ್ತು ಸಮಾಜದ ಹೊಣೆ



ಮಠಕ್ಕೆ ಬರುವ ಭಕ್ತರು ಕೇವಲ ಪೂಜೆ ಪ್ರಸಾದಕ್ಕಾಗಿ ಬರುವುದಿಲ್ಲ. ಮನೆಯ ನಾಲ್ಕು ಗೋಡೆಗಳ ನಡುವೆ ಹೇಳಿಕೊಳ್ಳಲಾಗದ ನೋವನ್ನು ಹೊತ್ತು ಬರುವವರೂ ಇರುತ್ತಾರೆ. ಮಳೆ ಬಂದು ತೋಟ ಹಾಳಾಯಿತೆಂದು ಹೇಳುವಾಗ ಗಟ್ಟಿಯಾಗಿರುವ ದನಿ, ಮನೆಯಲ್ಲಿ ಪೆಟ್ಟು ತಿನ್ನುವ ಮಾತು ಬಂದಾಗ ಅಡಗಿಹೋಗುತ್ತದೆ. ಹಾಲೇರಿ ಅರಸರ ಕಾಲದಿಂದಲೂ ಮಠಗಳ ನಂಟಿರುವ ಕೊಡಗಿನಲ್ಲಿ, ಅದರಲ್ಲೂ ಸೋಮವಾರಪೇಟೆ ತಾಲ್ಲೂಕಿನ ಮಾದಾಪುರದಂತಹ ಊರುಗಳಲ್ಲಿ, ಇಂತಹ ನೋವು ಮೊದಲು ತಲುಪುವುದು ಠಾಣೆಯನ್ನಲ್ಲ, ನ್ಯಾಯಾಲಯವನ್ನಲ್ಲ. ತವರಿನ ಹಿರಿಯರನ್ನು, ಓಣಿಯ ಯಜಮಾನರನ್ನು, ತೋಟದ ಮಾಲೀಕರನ್ನು, ಇಲ್ಲವೇ ಮಠದ ಜಗುಲಿಯನ್ನು. ಆದುದರಿಂದ ಮೊದಲು ಕೇಳಿಸಿಕೊಳ್ಳುವವರು ಏನು ಹೇಳುತ್ತಾರೆ ಎಂಬುದರ ಮೇಲೆ ಒಂದು ಜೀವದ ಮುಂದಿನ ದಾರಿ ನಿಂತಿರುತ್ತದೆ. ಈ ಹೊಣೆಯನ್ನು ಸಮಾಜ ಬಾಂಧವರು ಅರಿತು ನಡೆಯಲೆಂಬ ಸದಾಶಯದಿಂದ, ಕೌಟುಂಬಿಕ ಹಿಂಸೆ ಎಂದರೇನು, ಆಪ್ತಸಮಾಲೋಚನೆ ಹೇಗೆ ನಡೆಯಬೇಕು, ನೆರವು ಎಲ್ಲಿ ದೊರೆಯುತ್ತದೆ ಎಂಬುದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಹಿಂಸೆ ಎಂದರೆ ಪೆಟ್ಟು ಮಾತ್ರವಲ್ಲ

"ಅವನು ಕೈ ಎತ್ತಿಲ್ಲವಲ್ಲ, ಮತ್ತೇನು ಹಿಂಸೆ?" ಎಂದು ಕೇಳುವವರುಂಟು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005 ಈ ಪ್ರಶ್ನೆಗೆ ಸ್ಪಷ್ಟ ಉತ್ತರ ನೀಡಿದೆ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಈ ಕಾನೂನು ಹಿಂಸೆಯನ್ನು ನಾಲ್ಕು ಬಗೆಯಾಗಿ ಗುರುತಿಸುತ್ತದೆ.

ಮೊದಲನೆಯದು ದೈಹಿಕ ಹಿಂಸೆ. ಹೊಡೆಯುವುದು, ತಳ್ಳುವುದು, ಕತ್ತು ಹಿಸುಕುವುದು, ಜೀವಕ್ಕೆ ಅಥವಾ ಆರೋಗ್ಯಕ್ಕೆ ಅಪಾಯ ತರುವುದು ಇದರಲ್ಲಿ ಸೇರುತ್ತವೆ. ಎರಡನೆಯದು ಲೈಂಗಿಕ ಹಿಂಸೆ. ಮದುವೆಯೆಂಬುದು ಹೆಣ್ಣಿನ ಘನತೆಯನ್ನು ಕಸಿಯುವ ಪರವಾನಗಿ ಅಲ್ಲವೆಂಬುದನ್ನು ಈ ಕಾನೂನು ಒಪ್ಪಿಕೊಂಡಿದೆ. ಮೂರನೆಯದು ಮಾತಿನ ಮತ್ತು ಭಾವನಾತ್ಮಕ ಹಿಂಸೆ. ಮಕ್ಕಳಾಗಲಿಲ್ಲವೆಂದು, ಗಂಡು ಮಗುವಾಗಲಿಲ್ಲವೆಂದು ಹಂಗಿಸುವುದು, ಹೆತ್ತವರನ್ನು ನಿಂದಿಸುವುದು, ಆಕೆಗೆ ಬೇಕಾದವರಿಗೆ ನೋವುಂಟುಮಾಡುವುದಾಗಿ ಮತ್ತೆ ಮತ್ತೆ ಬೆದರಿಸುವುದು ಇದಕ್ಕೆ ಸೇರುತ್ತವೆ. ನಾಲ್ಕನೆಯದು ಆರ್ಥಿಕ ಹಿಂಸೆ. ಇದನ್ನು ನಮ್ಮ ಸಮಾಜ ಅತಿ ಕಡಿಮೆ ಗುರುತಿಸಿದೆ. ಕಾಫಿ ಕೊಯ್ಲಿನ ಕಾಲದಲ್ಲಿ ದಿನವಿಡೀ ದುಡಿದ ಹೆಂಡತಿಯ ಕೂಲಿಯನ್ನು ಶನಿವಾರ ಸಂಜೆಯೇ ಕಸಿದುಕೊಳ್ಳುವುದು, ಗೃಹಲಕ್ಷ್ಮಿ ಯೋಜನೆಯ ಹಣ ಬರುವ ಖಾತೆಯ ಕಾರ್ಡನ್ನು ಗಂಡನೇ ಇಟ್ಟುಕೊಳ್ಳುವುದು, ಸ್ತ್ರೀಶಕ್ತಿ ಸಂಘದಲ್ಲಿ ಆಕೆಯ ಹೆಸರಿನಲ್ಲಿ ಸಾಲ ತೆಗೆಸಿ ತೀರಿಸದೆ ಬಿಡುವುದು, ಆಕೆಯ ಒಡವೆಯನ್ನು ಕೇಳದೆ ಅಡವಿಡುವುದು, ಮನೆ ಖರ್ಚಿಗೆ ಹಣ ಕೊಡದಿರುವುದು, ಮನೆಯಿಂದ ಹೊರಹಾಕುವುದು: ಇವೆಲ್ಲ ಹಿಂಸೆಯೇ.

ಈ ಕಾನೂನಿನ ರಕ್ಷಣೆ ಹೆಂಡತಿಗಷ್ಟೇ ಸೀಮಿತವಲ್ಲ. ಒಂದೇ ಮನೆಯಲ್ಲಿ ಬಾಳುವ ಅಥವಾ ಬಾಳಿದ್ದ ತಾಯಿ, ಸಹೋದರಿ, ವಿಧವೆ ಸೊಸೆ, ಮಗಳು ಎಲ್ಲರೂ ಇದರ ಆಶ್ರಯ ಪಡೆಯಬಹುದು. ಕುಡಿದು ಬಂದು ಹೆತ್ತ ತಾಯಿಯ ಮೇಲೆ ಕೈ ಮಾಡುವ ಮಗನೂ ಇದರ ವ್ಯಾಪ್ತಿಯಿಂದ ಹೊರಗಿಲ್ಲ.

ಮೌನದ ಅಳತೆ

ನಮ್ಮ ನಾಡು ಶರಣರ ನಾಡು, ಇಲ್ಲಿ ಇಂಥದ್ದೆಲ್ಲ ಕಡಿಮೆ ಎಂದು ಸಮಾಧಾನಪಟ್ಟುಕೊಳ್ಳಲು ಅಂಕಿಅಂಶಗಳು ಅವಕಾಶ ಕೊಡುವುದಿಲ್ಲ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ. 44ರಷ್ಟು ಮಂದಿ ಪತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆಯನ್ನು ಅನುಭವಿಸಿದ್ದಾರೆ. ದೇಶದ ಸರಾಸರಿ ಶೇ. 29ರಷ್ಟು. 2015-16ರ ಹಿಂದಿನ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಪ್ರಮಾಣ ಶೇ. 21ರ ಆಸುಪಾಸಿನಲ್ಲಿತ್ತು. ಹಿಂಸೆಯೇ ಹೆಚ್ಚಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ ಎಂಬ ಚರ್ಚೆ ಏನೇ ಇರಲಿ, ಸರಿಸುಮಾರು ಐದು ಮನೆಗಳಲ್ಲಿ ಎರಡು ಮನೆಗಳ ಮಾತು ಇದು ಎಂಬುದು ನಮ್ಮನ್ನು ಎಚ್ಚರಿಸಬೇಕು.

ಅದೇ ಸಮೀಕ್ಷೆ ಇನ್ನೊಂದು ಸಂಗತಿಯನ್ನೂ ತಿಳಿಸುತ್ತದೆ. ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದ ಮಹಿಳೆಯರಲ್ಲಿ ನೆರವು ಕೇಳಿದವರು ಶೇ. 14ರಷ್ಟು ಮಾತ್ರ. ಹಾಗೆ ಕೇಳಿದವರಲ್ಲಿ ಹೆಚ್ಚಿನವರು ಹೋದದ್ದು ತವರಿನವರ ಬಳಿಗೆ. ಪೊಲೀಸರು, ವಕೀಲರು, ವೈದ್ಯರು ಬಹು ದೂರದ ಮಾತು. ಅಂದರೆ ಬಾಗಿಲು ತಟ್ಟುವ ಕೆಲವೇ ಕೈಗಳು ನಮ್ಮ ಬಾಗಿಲನ್ನೇ ತಟ್ಟುತ್ತಿವೆ. ಆ ಬಾಗಿಲು ತೆರೆಯದಿದ್ದರೆ ಮುಂದಿನ ಬಾಗಿಲಿಗೆ ಹೋಗುವ ಧೈರ್ಯ ಬಹಳ ಮಂದಿಗೆ ಉಳಿಯುವುದಿಲ್ಲ.

ಶರಣರ ದಾರಿ ಏನು ಹೇಳುತ್ತದೆ

ಹೆಣ್ಣು ಸಹಿಸಬೇಕು, ಸಹನೆಯೇ ಆಕೆಯ ಧರ್ಮ ಎಂಬ ಮಾತನ್ನು ಧರ್ಮದ ಹೆಸರಿನಲ್ಲಿ ಹೇಳುವವರಿದ್ದಾರೆ. ಬಸವಾದಿ ಶರಣರ ಧರ್ಮದಲ್ಲಿ ಆ ಮಾತಿಗೆ ಆಧಾರವಿಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಗಂಡಿಗೆ ಕೊಟ್ಟ ಇಷ್ಟಲಿಂಗವನ್ನು ಹೆಣ್ಣಿಗೂ ಕೊಟ್ಟ ಧರ್ಮ ಇದು. ಲಿಂಗವನ್ನು ಧರಿಸಿದ ದೇಹ ಪೂಜೆಯ ತಾಣವೆಂದು ನಂಬುವವರು, ಅದೇ ದೇಹದ ಮೇಲೆ ಕೈ ಎತ್ತುವುದನ್ನು ಮನೆಯ ಖಾಸಗಿ ವಿಷಯವೆಂದು ಹೇಗೆ ಹೇಳಲಾದೀತು?

ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಪತಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಆಕೆ ಅದನ್ನು ತಪ್ಪೆಂದು ತಿಳಿಸಿ ಹಿಂದಕ್ಕೆ ಕಳುಹಿಸಿದರು. ಮಾರಯ್ಯನವರು ಅದನ್ನು ಅವಮಾನವೆಂದು ಬಗೆಯಲಿಲ್ಲ, ಅರಿವೆಂದು ಸ್ವೀಕರಿಸಿದರು. ಹೆಂಡತಿ ತಿದ್ದಿದರೆ ಗಂಡಸುತನಕ್ಕೆ ಕುಂದು ಎಂದು ಕೆರಳುವ ಮನಸ್ಸಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಅಕ್ಕಮಹಾದೇವಿಯವರು ಕೌಶಿಕನ ಅರಮನೆಯನ್ನು ತೊರೆದು ನಡೆದರೆಂದು ಪರಂಪರೆ ಹೇಳುತ್ತದೆ. ಕಲ್ಯಾಣದ ಶರಣರು ಆಕೆಯನ್ನು ಮನೆ ಬಿಟ್ಟು ಬಂದವಳೆಂದು ಬಾಗಿಲಲ್ಲಿ ನಿಲ್ಲಿಸಲಿಲ್ಲ. ಆಕೆಯ ಮಾತನ್ನು ಆಲಿಸಿದರು, ಅಕ್ಕನೆಂದು ಗೌರವಿಸಿದರು. ಅಕ್ಕನಿಗೆ ಅನುಭವ ಮಂಟಪದಲ್ಲಿ ದೊರೆತ ಸ್ಥಾನವನ್ನು ಕೊಂಡಾಡುವ ನಾವು, ಪೆಟ್ಟು ತಾಳಲಾರದೆ ಮನೆಬಿಟ್ಟು ಬಂದ ಹೆಣ್ಣುಮಗಳಿಗೆ ತವರಿನಲ್ಲಿ ಒಂದು ಮೂಲೆಯನ್ನಾದರೂ ಕೊಡಬೇಕಲ್ಲವೇ?

ಆಕೆ ಏಕೆ ಬಿಟ್ಟು ಬರುವುದಿಲ್ಲ?

"ಅಷ್ಟು ಕಷ್ಟವಿದ್ದರೆ ಇಷ್ಟು ವರ್ಷ ಏಕೆ ಇದ್ದಳು?" ಎಂಬುದು ಅನೇಕರ ಸಂದೇಹ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ ಅವರು 1979ರಲ್ಲಿ ಹಿಂಸೆಯ ಸುತ್ತು ಎಂಬ ವಿವರಣೆಯನ್ನು ಮುಂದಿಟ್ಟರು. ಮೊದಲು ಮನೆಯಲ್ಲಿ ಬಿಗುವು ಬೆಳೆಯುತ್ತದೆ; ಸಣ್ಣ ಮಾತಿಗೂ ಸಿಡುಕು. ಬಳಿಕ ಅದು ಹಿಂಸೆಯಾಗಿ ಸ್ಫೋಟಿಸುತ್ತದೆ. ಮೂರನೆಯ ಹಂತದಲ್ಲಿ ಹೊಡೆದವನೇ ಅಳುತ್ತಾನೆ, ಕ್ಷಮೆ ಕೇಳುತ್ತಾನೆ, ದೇವರ ಮುಂದೆ ಆಣೆ ಮಾಡುತ್ತಾನೆ, ಸೀರೆ ತರುತ್ತಾನೆ. ಕೆಲವು ದಿನ ಶಾಂತಿ. ಆಮೇಲೆ ಮತ್ತೆ ಬಿಗುವು. ಎಲ್ಲ ಮನೆಗಳಲ್ಲಿಯೂ ಹೀಗೆಯೇ ನಡೆಯುತ್ತದೆಂದಲ್ಲ. ಆದರೆ ಮೂರನೆಯ ಹಂತದಲ್ಲಿ ಹುಟ್ಟುವ ಭರವಸೆಯೇ ಎಷ್ಟೋ ಹೆಣ್ಣುಮಕ್ಕಳನ್ನು ಕಟ್ಟಿಹಾಕುತ್ತದೆ. ಹಿರಿಯರು ರಾಜಿಗೆ ಕರೆಸುವುದೂ ಸಾಮಾನ್ಯವಾಗಿ ಇದೇ ಹಂತದಲ್ಲಿ. ಆಗ ಗಂಡ ಮೆದುವಾಗಿರುತ್ತಾನೆ, ಪಶ್ಚಾತ್ತಾಪ ತೋರುತ್ತಾನೆ. ನೋಡಿದವರಿಗೆ ಸಮಸ್ಯೆ ಮುಗಿದಂತೆ ಕಾಣುತ್ತದೆ. ಸುತ್ತು ಮುಗಿದಿರುವುದಿಲ್ಲ.

ಇದರ ಜೊತೆಗೆ ನಮ್ಮ ನೆಲದ ಕಾರಣಗಳೂ ಇವೆ. ತೋಟದ ಲೈನ್ ಮನೆಯಲ್ಲಿ ವಾಸಿಸುವ ಕುಟುಂಬಕ್ಕೆ ಆ ಮನೆ ಕೆಲಸದೊಂದಿಗೆ ಬಂದದ್ದು. ಗಂಡನನ್ನು ಬಿಟ್ಟರೆ ಸೂರು, ಕೂಲಿ ಎರಡೂ ಹೋಗುವ ಭಯ. ಮುಂಗಡ ಸಾಲವಿದ್ದರೆ ಆ ಭಯ ಇಮ್ಮಡಿ. ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ಸುತ್ತಿನ ಜನರು 2018ರ ಆಗಸ್ಟ್ ತಿಂಗಳ ಭೂಕುಸಿತವನ್ನು ಮರೆಯಲಾರರು. ಮನೆ, ತೋಟ, ಗದ್ದೆ ಕಳೆದುಕೊಂಡ ಕುಟುಂಬಗಳು ಪರಿಹಾರ ಶಿಬಿರಗಳಲ್ಲಿ, ಬಾಡಿಗೆ ಮನೆಗಳಲ್ಲಿ ದಿನ ಕಳೆದು, ಅನಂತರ ಜಂಬೂರು ಮೊದಲಾದೆಡೆ ಕಟ್ಟಿದ ಹೊಸ ಮನೆಗಳಿಗೆ ಬಂದವು. ಮನೆ ಹೊಸದಾಯಿತು, ಆದರೆ ಹಳೆಯ ನೆರೆಹೊರೆ ಚದುರಿತು. ಕಷ್ಟಕ್ಕೆ ಓಡಿಹೋಗಿ ಕೂರಲು ಇದ್ದ ಪಕ್ಕದ ಮನೆಯ ಅಜ್ಜಿ ಈಗ ಬೇರೆ ಬಡಾವಣೆಯಲ್ಲಿ. ವಿಪತ್ತು ಹಿಂಸೆಯನ್ನು ಸೃಷ್ಟಿಸುವುದಿಲ್ಲ. ಆದರೆ ನಷ್ಟ, ಸಾಲ, ಅನಿಶ್ಚಯ ಮೊದಲೇ ಇದ್ದ ಹಿಂಸೆಗೆ ನೆಪವಾಗುತ್ತವೆ, ಮತ್ತು ತಡೆಯುವ ಕಣ್ಣುಗಳನ್ನು ಕಡಿಮೆ ಮಾಡುತ್ತವೆ. ಮರಳಿ ಕಟ್ಟುವ ಕೆಲಸದಲ್ಲಿ ನೆರೆಹೊರೆಯನ್ನು ಕಟ್ಟುವುದೂ ಸೇರಬೇಕೆಂದು ನಾವು ಹೇಳುವುದು ಇದಕ್ಕಾಗಿ.

ರಾಜಿ ಪಂಚಾಯಿತಿಗೂ ಆಪ್ತಸಮಾಲೋಚನೆಗೂ ಇರುವ ಅಂತರ

ಮಠಗಳು ಭಕ್ತರ ವ್ಯಾಜ್ಯಗಳನ್ನು ಆಲಿಸಿ ಬಗೆಹರಿಸುವ ಪರಂಪರೆ ಕರ್ನಾಟಕದಲ್ಲಿ ಹಳೆಯದು. ಚಿತ್ರದುರ್ಗ ಜಿಲ್ಲೆಯ ಸಿರಿಗೆರೆಯ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠದಲ್ಲಿ ಸೋಮವಾರದಂದು ಭಕ್ತರ ಅಹವಾಲುಗಳನ್ನು ಆಲಿಸಿ ತೀರ್ಮಾನ ನೀಡುವುದು ನಾಡಿಗೆಲ್ಲ ತಿಳಿದ ಸಂಗತಿ. ಆಸ್ತಿಯ ಪಾಲು, ಗಡಿಯ ತಕರಾರು, ಸಂಬಂಧಿಕರ ಮನಸ್ತಾಪ ಇಂತಹ ವಿಷಯಗಳಲ್ಲಿ ರಾಜಿಯೆಂಬುದು ದೊಡ್ಡ ಪುಣ್ಯದ ಕೆಲಸ. ವರ್ಷಗಟ್ಟಲೆ ನ್ಯಾಯಾಲಯ ಅಲೆಯುವ ಬದಲು ಒಂದು ದಿನದಲ್ಲಿ ಅಣ್ಣತಮ್ಮಂದಿರು ಕೈ ಹಿಡಿದು ಮನೆಗೆ ಹೋಗುವುದಾದರೆ ಅದಕ್ಕಿಂತ ಹೆಚ್ಚಿನದೇನು ಬೇಕು?

ಆದರೆ ಎಲ್ಲ ವ್ಯಾಜ್ಯಗಳೂ ಒಂದೇ ಬಗೆಯವಲ್ಲ. ರಾಜಿ ನಡೆಯುವುದು ಸಮಾನರ ನಡುವೆ. ಎರಡು ಕಡೆಯವರೂ ಒಂದೊಂದು ಹೆಜ್ಜೆ ಹಿಂದೆ ಸರಿದರೆ ಗಡಿ ತಕರಾರು ತೀರುತ್ತದೆ. ಪೆಟ್ಟು ತಿನ್ನುವವಳು ಯಾವ ಹೆಜ್ಜೆ ಹಿಂದೆ ಸರಿಯಬೇಕು? "ನೀನೂ ಸ್ವಲ್ಪ ಬಾಯಿ ಕಡಿಮೆ ಮಾಡು, ಅವನೂ ಹೊಡೆಯುವುದನ್ನು ಕಡಿಮೆ ಮಾಡಲಿ" ಎಂಬ ತೀರ್ಪು ಮೇಲುನೋಟಕ್ಕೆ ಸಮತೋಲನದಂತೆ ಕಂಡರೂ, ಅದರೊಳಗೆ ಮಾತಿಗೆ ಪೆಟ್ಟು ತಕ್ಕ ಉತ್ತರ ಎಂಬ ಒಪ್ಪಿಗೆ ಅಡಗಿದೆ. ಮೇಲಾಗಿ, ಗಂಡ, ಅತ್ತೆ, ಮಾವ, ಊರಿನ ಹತ್ತು ಗಂಡಸರು ಕುಳಿತಿರುವ ಪಂಚಾಯಿತಿಯಲ್ಲಿ ಆಕೆ ನಿಜ ಹೇಳಿದರೆ ರಾತ್ರಿ ಮತ್ತೆ ಅದೇ ಮನೆಗೆ ಹೋಗಬೇಕು. ಅಲ್ಲಿ ಆಕೆ "ನನಗೇನೂ ತೊಂದರೆಯಿಲ್ಲ" ಎಂದರೆ ಅದನ್ನು ಒಪ್ಪಿಗೆಯೆಂದು ಬರೆದುಕೊಳ್ಳಲಾಗದು.

ಆಪ್ತಸಮಾಲೋಚನೆ ಬೇರೆ ರೀತಿಯದು. 2005ರ ಕಾನೂನಿನ ಕೆಳಗೆ ರಚಿಸಿದ 2006ರ ನಿಯಮಗಳು ಇದರ ಬಗೆಗೆ ವಿಧಿಸಿರುವ ಕಟ್ಟಳೆಗಳನ್ನು ಊರಿನ ಹಿರಿಯರೆಲ್ಲರೂ ತಿಳಿದುಕೊಳ್ಳಬೇಕು. ವ್ಯಾಜ್ಯದಲ್ಲಿ ಆಸಕ್ತಿಯುಳ್ಳವರು, ಎರಡು ಕಡೆಯವರಲ್ಲಿ ಯಾರಿಗಾದರೂ ಸಂಬಂಧಿಕರಾದವರು, ಆ ಕಡೆಯವರೆಲ್ಲ ಲಿಖಿತವಾಗಿ ಒಪ್ಪದ ಹೊರತು, ಸಮಾಲೋಚಕರಾಗುವಂತಿಲ್ಲ. ಸಮಾಲೋಚಕರು ಸಾಧ್ಯವಾದಷ್ಟು ಮಹಿಳೆಯರೇ ಆಗಿರಬೇಕು. ಹಿಂಸೆ ಮರುಕಳಿಸದೆಂಬ ಭರವಸೆ ಪಡೆಯುವುದೇ ಸಮಾಲೋಚನೆಯ ಗುರಿ. ಎಲ್ಲಕ್ಕಿಂತ ಮುಖ್ಯವಾಗಿ, ತಾನು ಮಾಡಿದ ಹಿಂಸೆಗೆ ಸಮರ್ಥನೆ ನೀಡಲು ಎದುರುದಾರನಿಗೆ ಅವಕಾಶವಿಲ್ಲ, ಮತ್ತು ಈ ಮಾತನ್ನು ಸಮಾಲೋಚನೆ ಆರಂಭವಾಗುವ ಮೊದಲೇ ಅವನಿಗೆ ತಿಳಿಸಬೇಕು. "ಅವಳು ಊಟ ತಡಮಾಡಿದಳು, ಅದಕ್ಕೆ ಹೊಡೆದೆ" ಎಂಬ ವಾಕ್ಯಕ್ಕೆ ಅಲ್ಲಿ ಜಾಗವಿಲ್ಲ. ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಹೊತ್ತು ಕಳೆಯುವುದೇ ಇಂತಹ ಸಮರ್ಥನೆಗಳನ್ನು ಕೇಳುವುದರಲ್ಲಿ ಎಂಬುದನ್ನು ನೆನೆದರೆ, ಈ ಒಂದು ನಿಯಮ ಎಷ್ಟು ದೊಡ್ಡ ಬದಲಾವಣೆ ತರಬಲ್ಲದೆಂದು ತಿಳಿಯುತ್ತದೆ.

ಸಮಾಲೋಚನೆಯ ಕ್ರಮವೂ ಬೇರೆ. ಮೊದಲು ಆಕೆಯನ್ನು ಒಬ್ಬಳನ್ನೇ, ಯಾರಿಗೂ ಕೇಳಿಸದ ಸ್ಥಳದಲ್ಲಿ ಕೂರಿಸಿ ಮಾತನಾಡಿಸಬೇಕು. ಪ್ರಾಣಾಪಾಯವಿದೆಯೇ ಎಂದು ತಿಳಿಯಬೇಕು. ಕತ್ತು ಹಿಸುಕಿದ್ದುಂಟೇ, ಮನೆಯಲ್ಲಿ ಕೋವಿ ಅಥವಾ ಕತ್ತಿ ತೋರಿಸಿ ಹೆದರಿಸಿದ್ದುಂಟೇ, ಗರ್ಭಿಣಿಯಿರುವಾಗ ಹೊಡೆದದ್ದುಂಟೇ, ಇತ್ತೀಚೆಗೆ ಹಿಂಸೆ ಹೆಚ್ಚಿದೆಯೇ, ಆಕೆಗೆ ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳಬೇಕು. ಕೋವಿ ಮನೆಮನೆಯ ವಸ್ತುವಾಗಿರುವ ಕೊಡಗಿನಲ್ಲಿ ಈ ಪ್ರಶ್ನೆಯನ್ನು ಮರೆಯುವಂತಿಲ್ಲ. ಇವುಗಳಲ್ಲಿ ಯಾವುದಕ್ಕಾದರೂ ಹೌದೆಂಬ ಉತ್ತರ ಬಂದರೆ ಸಂಧಾನದ ಮಾತು ಅಲ್ಲಿಗೆ ನಿಲ್ಲಬೇಕು. ಸುರಕ್ಷತೆಯ ಮಾತು ಮೊದಲಾಗಬೇಕು. ಅಪಾಯವಿಲ್ಲವೆಂದು ಖಚಿತವಾದ ಮೇಲೆ, ಆಕೆ ತಾನಾಗಿ ಬಯಸಿದರೆ ಮಾತ್ರ, ಇಬ್ಬರನ್ನೂ ಕೂರಿಸುವ ಸಮಾಲೋಚನೆ. ಗಂಡನಿಗೂ ಪ್ರತ್ಯೇಕ ಸಮಾಲೋಚನೆ ಬೇಕು. ಕೋಪವನ್ನು ಹಿಡಿಯುವುದು, ಸೋಲನ್ನು ನುಂಗುವುದು, ತಪ್ಪನ್ನು ತನ್ನದೆಂದು ಒಪ್ಪುವುದು ಕಲಿಯಬಹುದಾದ ವಿದ್ಯೆಗಳು. ಬದಲಾಗಬಲ್ಲನೆಂಬ ನಂಬಿಕೆಯಿಂದಲೇ ಅವನನ್ನು ಹೊಣೆಗಾರನನ್ನಾಗಿಸಬೇಕು. ತಪ್ಪು ಮಾಡಿದವನನ್ನು ಹೊಣೆಯಿಂದ ಬಿಡಿಸುವುದು ಅವನ ಮೇಲಿನ ಕರುಣೆಯಲ್ಲ.

ಕುಡಿತ ಕಾರಣವೋ, ನೆಪವೋ?

"ಒಳ್ಳೆಯವನೇ, ಕುಡಿದಾಗ ಮಾತ್ರ ಹೀಗೆ" ಎಂಬ ಮಾತನ್ನು ನಾವು ಪದೇ ಪದೇ ಕೇಳುತ್ತೇವೆ. ಕುಡಿತದಿಂದ ಹಿಂಸೆ ಉಲ್ಬಣಿಸುತ್ತದೆಂಬುದು ನಿಜ. ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 1970ರ ದಶಕದಲ್ಲಿ ಆರಂಭಿಸಿದ ಮಹಾಂತ ಜೋಳಿಗೆಯನ್ನು ಇಲ್ಲಿ ಸ್ಮರಿಸಬೇಕು. ಅವರು ಮನೆಮನೆಗೆ ಹೋಗಿ ಕಾಳು ಕಾಸನ್ನು ಬೇಡದೆ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಿಂದಲೂ ಅನೇಕ ಕುಟುಂಬಗಳಿಗೆ ಒಳಿತಾಗಿದೆ.

ಆದರೂ ಒಂದು ವಿವೇಕ ಅಗತ್ಯ. ಕುಡಿದವನು ತೋಟದ ಮಾಲೀಕನಿಗೆ ಹೊಡೆಯುವುದಿಲ್ಲ, ಪೊಲೀಸಿನವರಿಗೆ ಹೊಡೆಯುವುದಿಲ್ಲ. ಮನೆಗೆ ಬಂದು ಹೆಂಡತಿಗೆ ಹೊಡೆಯುತ್ತಾನೆ. ಯಾರ ಮೇಲೆ ಕೈ ಎತ್ತಬಹುದೆಂಬ ಲೆಕ್ಕ ಅಮಲಿನಲ್ಲಿಯೂ ತಪ್ಪುವುದಿಲ್ಲ. ಕುಡಿಯದೆ ಹೊಡೆಯುವವರೂ ಇದ್ದಾರೆ, ಕುಡಿದು ಸುಮ್ಮನೆ ಮಲಗುವವರೂ ಇದ್ದಾರೆ. ಆದುದರಿಂದ ಚಟ ಬಿಡಿಸುವುದು ಒಂದು ಕೆಲಸ, ಹಿಂಸೆ ನಿಲ್ಲಿಸುವುದು ಇನ್ನೊಂದು ಕೆಲಸ. ಎರಡೂ ಒಟ್ಟಿಗೆ ನಡೆಯಬೇಕು. ಶಿಬಿರಕ್ಕೆ ಹೋಗಿಬಂದನೆಂಬ ಒಂದೇ ಕಾರಣಕ್ಕೆ ಆಕೆಯನ್ನು ಅವಸರದಲ್ಲಿ ಹಿಂದಕ್ಕೆ ಕಳುಹಿಸಬಾರದು.

ಕಾನೂನಿನ ನೆರವು: ಮಾದಾಪುರದಿಂದ ಎಲ್ಲಿಗೆ, ಹೇಗೆ?

ಕಾನೂನಿನ ಮೊರೆ ಹೋದರೆ ಗಂಡ ಜೈಲಿಗೆ ಹೋಗುತ್ತಾನೆ, ಸಂಸಾರ ಮುಗಿಯುತ್ತದೆ ಎಂಬ ಭಯ ವ್ಯಾಪಕವಾಗಿದೆ. 2005ರ ಕಾನೂನು ಮುಖ್ಯವಾಗಿ ಶಿಕ್ಷೆಗಾಗಿ ಅಲ್ಲ, ರಕ್ಷಣೆಗಾಗಿ ಇರುವಂಥದ್ದು. ನ್ಯಾಯಾಧೀಶರು ಮುಂದೆ ಹಿಂಸೆ ಮಾಡದಂತೆ ರಕ್ಷಣಾ ಆದೇಶ, ಮನೆಯಿಂದ ಹೊರಹಾಕದಂತೆ ವಾಸದ ಆದೇಶ, ಖರ್ಚು ಮತ್ತು ಚಿಕಿತ್ಸೆಗೆ ಹಣಕಾಸಿನ ಆದೇಶ, ಮಕ್ಕಳ ತಾತ್ಕಾಲಿಕ ಪಾಲನೆಯ ಆದೇಶ, ನೋವಿಗೆ ಪರಿಹಾರದ ಆದೇಶ ನೀಡಬಹುದು. ಮನೆ ಯಾರ ಹೆಸರಿನಲ್ಲಿದ್ದರೂ ಬಾಳುತ್ತಿದ್ದ ಮನೆಯಲ್ಲಿ ವಾಸಿಸುವ ಹಕ್ಕು ಆಕೆಗಿದೆ. ಅರ್ಜಿಯ ಮೊದಲ ವಿಚಾರಣೆಯನ್ನು ಸಾಮಾನ್ಯವಾಗಿ 3 ದಿನಗಳೊಳಗೆ ಗೊತ್ತುಪಡಿಸಬೇಕು, 60 ದಿನಗಳೊಳಗೆ ಮುಗಿಸಲು ಪ್ರಯತ್ನಿಸಬೇಕು ಎಂದು ಕಾನೂನು ಹೇಳುತ್ತದೆ. ತುರ್ತಿದ್ದರೆ ಎದುರುದಾರನನ್ನು ಕಾಯದೆ ಏಕಪಕ್ಷೀಯ ಆದೇಶವನ್ನೂ ನೀಡಬಹುದು. ರಕ್ಷಣಾ ಆದೇಶವನ್ನು ಮುರಿದರೆ ಮಾತ್ರ ಈ ಕಾನೂನಿನಡಿ 1 ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಕ್ರೌರ್ಯ ಗಂಭೀರವಾಗಿದ್ದರೆ ಅಪರಾಧ ಪ್ರಕರಣದ ದಾರಿಯೂ ಇದೆ. ಹಿಂದೆ ಭಾರತೀಯ ದಂಡ ಸಂಹಿತೆಯ 498ಎ ಎಂದು ಕರೆಯುತ್ತಿದ್ದ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಾಗಿವೆ.

ಈ ಕಾನೂನಿನಡಿ ದೂರನ್ನು ಕೌಟುಂಬಿಕ ಘಟನಾ ವರದಿಯಾಗಿ ದಾಖಲಿಸುವವರು ಸಂರಕ್ಷಣಾಧಿಕಾರಿಗಳು. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಈ ಹೊಣೆ ವಹಿಸಲಾಗಿದೆ. ಅಂಗನವಾಡಿಗಳನ್ನು ನೋಡಿಕೊಳ್ಳುವ ಇಲಾಖೆಯೇ ಇದು. ಆದುದರಿಂದ ಊರಿನ ಅಂಗನವಾಡಿ ಕಾರ್ಯಕರ್ತೆ ಈ ದಾರಿಯ ಮೊದಲ ಮೆಟ್ಟಿಲಾಗಬಲ್ಲರು. ಮಾದಾಪುರದವರಿಗೆ ತಾಲ್ಲೂಕು ಕೇಂದ್ರ ಸೋಮವಾರಪೇಟೆ, ಜಿಲ್ಲಾ ಕೇಂದ್ರ ಮಡಿಕೇರಿ. ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ, ಆಪ್ತಸಮಾಲೋಚನೆ, ತಾತ್ಕಾಲಿಕ ಆಶ್ರಯ ಇವೆಲ್ಲವನ್ನೂ ಒಂದೇ ಸೂರಿನಡಿ ಕೊಡುವ ಸಖಿ ಕೇಂದ್ರಗಳನ್ನು ಜಿಲ್ಲಾ ಮಟ್ಟದಲ್ಲಿ ಸ್ಥಾಪಿಸುವ ಯೋಜನೆ 2015ರಿಂದ ನಡೆಯುತ್ತಿದೆ. ವಕೀಲರ ಶುಲ್ಕದ ಚಿಂತೆಯೂ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಂತೆ ಮಹಿಳೆಯರು, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು.

ನೆನಪಿಡಬೇಕಾದ ಸಂಖ್ಯೆಗಳು ಇವು:
ತುರ್ತು ಪೊಲೀಸ್ ನೆರವು: 112
ಮಹಿಳಾ ಸಹಾಯವಾಣಿ: 181
ಮಕ್ಕಳ ಸಹಾಯವಾಣಿ: 1098
ಉಚಿತ ಕಾನೂನು ನೆರವು: 15100
ಹಿರಿಯ ನಾಗರಿಕರ ಸಹಾಯವಾಣಿ: 14567
ಮಾನಸಿಕ ಆರೋಗ್ಯ ನೆರವು, ಟೆಲಿ ಮಾನಸ್: 14416

ಮುಂಗಾರಿನಲ್ಲಿ ನಮ್ಮ ಕಣಿವೆಗಳಲ್ಲಿ ಕರೆಂಟು ಹೋಗುತ್ತದೆ, ಫೋನಿನ ಸಿಗ್ನಲ್ ಇರುವುದಿಲ್ಲ, ಬಸ್ಸು ನಿಲ್ಲುತ್ತದೆ. ಆದ್ದರಿಂದ ಸಂಖ್ಯೆ ಗೊತ್ತಿದ್ದರೆ ಸಾಲದು. ಅಪಾಯದಲ್ಲಿರುವ ಹೆಣ್ಣುಮಕ್ಕಳು ಮೊದಲೇ ಸಣ್ಣದೊಂದು ಸಿದ್ಧತೆ ಮಾಡಿಕೊಳ್ಳುವುದು ಒಳಿತು. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕ, ಮಕ್ಕಳ ಶಾಲಾ ದಾಖಲೆಗಳ ಪ್ರತಿಗಳನ್ನು ನಂಬಿಕಸ್ತರ ಮನೆಯಲ್ಲಿ ಇಟ್ಟಿರಬೇಕು. ರಾತ್ರಿ ಹೊತ್ತಿನಲ್ಲಿ ನಡೆದೇ ತಲುಪಬಹುದಾದ ಒಂದು ಮನೆಯನ್ನು ಗುರುತಿಸಿಟ್ಟುಕೊಳ್ಳಬೇಕು. ಅಲ್ಪಸ್ವಲ್ಪ ಹಣ, ಔಷಧಿ ಜೊತೆಗಿರಬೇಕು. ಪೆಟ್ಟಾದರೆ ಆಸ್ಪತ್ರೆಗೆ ಹೋಗಿ, ಜಾರಿ ಬಿದ್ದೆನೆನ್ನದೆ ನಿಜವಾದ ಕಾರಣವನ್ನು ವೈದ್ಯರಿಗೆ ತಿಳಿಸಿ ದಾಖಲಿಸಬೇಕು. ಮುಂದೆ ಅದೇ ದೊಡ್ಡ ಆಧಾರವಾಗುತ್ತದೆ.

ಮಕ್ಕಳು ನೋಡುತ್ತಿದ್ದಾರೆ

ಮಕ್ಕಳಿಗಾಗಿ ಸಹಿಸಿಕೊಂಡೆ ಎನ್ನುವ ತಾಯಂದಿರು ಬಹಳ. ಆದರೆ ಹಿಂಸೆಯನ್ನು ಕಣ್ಣಾರೆ ನೋಡುವ ಮಗುವೂ ಹಿಂಸೆಗೆ ಒಳಗಾದ ಮಗುವೇ. ಬಾಗಿಲ ಚಿಲಕದ ಸದ್ದಿಗೆ ಬೆಚ್ಚುವುದು, ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಓದಿನಲ್ಲಿ ಹಿಂದೆ ಬೀಳುವುದು, ಶಾಲೆಯಲ್ಲಿ ಇತರರಿಗೆ ಹೊಡೆಯುವುದು ಇಂತಹ ಗುರುತುಗಳು ಕಂಡಾಗ ಶಿಕ್ಷಕರು ಬೈಯುವ ಮೊದಲು ಮನೆಯ ಪರಿಸ್ಥಿತಿಯನ್ನು ವಿಚಾರಿಸಬೇಕು. ಹೊಡೆಯುವ ತಂದೆಯನ್ನು ನೋಡಿ ಬೆಳೆದ ಎಲ್ಲ ಗಂಡು ಮಕ್ಕಳೂ ಹೊಡೆಯುವವರಾಗುವುದಿಲ್ಲ. ಒಬ್ಬ ಗುರು, ಒಬ್ಬ ಅಜ್ಜ, ಒಬ್ಬ ಸೋದರಮಾವ ಬೇರೆ ಮಾದರಿಯನ್ನು ತೋರಿಸಿದರೂ ಸಾಕು, ದಾರಿ ಬದಲಾಗಬಹುದು. ಆ ಮಾದರಿಯಾಗುವುದು ಸಮಾಜದ ಪುರುಷರ ಹೊಣೆ.

ಸಮಾಜ ಬಾಂಧವರು ಏನು ಮಾಡಬೇಕು?

ಒಂದು, ನಂಬಬೇಕು. ಯಾರಾದರೂ ಹೇಳಿಕೊಂಡಾಗ ಸಾಕ್ಷಿ ಕೇಳುವ ಮೊದಲು "ಹೇಳಿದ್ದು ಒಳ್ಳೆಯದಾಯಿತು, ಇದು ನಿನ್ನ ತಪ್ಪಲ್ಲ" ಎನ್ನಬೇಕು. "ಹೊಂದಿಕೊಂಡು ಹೋಗು", "ಎಲ್ಲರ ಮನೆಯಲ್ಲೂ ಇದ್ದದ್ದೇ", "ಊರು ಏನೆನ್ನುತ್ತದೆ" ಎಂಬ ಮಾತುಗಳನ್ನು ಆಡಬಾರದು.

ಎರಡು, ಗುಟ್ಟು ಕಾಯಬೇಕು. ಆಕೆ ಹೇಳಿದ್ದು ಸಂತೆಯಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಹರಡಿದರೆ ನೆರವೇ ಅಪಾಯವಾಗುತ್ತದೆ.

ಮೂರು, ಪಕ್ಕದ ಮನೆಯಲ್ಲಿ ಕೂಗು ಕೇಳಿದಾಗ ಕಿಟಕಿ ಮುಚ್ಚಬಾರದು. ಬಾಗಿಲು ತಟ್ಟಿ "ಸಕ್ಕರೆ ಇದೆಯಾ" ಎಂದು ಕೇಳಿದರೂ ಎತ್ತಿದ ಕೈ ಕೆಳಗಿಳಿಯಬಹುದು. ಒಬ್ಬರೇ ಹೋಗದೆ ಇಬ್ಬರು ಮೂವರು ಹೋಗಬೇಕು. ಅಪಾಯವೆನಿಸಿದರೆ 112ಕ್ಕೆ ಕರೆ ಮಾಡಬೇಕು. ಹಿಂಸೆಯ ಬಗೆಗೆ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು, ಸದ್ಭಾವನೆಯಿಂದ ಕೊಟ್ಟ ಮಾಹಿತಿಗಾಗಿ ಅವರ ಮೇಲೆ ಯಾವ ಮೊಕದ್ದಮೆಯೂ ಬರುವುದಿಲ್ಲ ಎಂದು 2005ರ ಕಾನೂನಿನ 4ನೆಯ ಕಲಮು ಅಭಯ ನೀಡಿದೆ.

ನಾಲ್ಕು, ತವರಿನ ಬಾಗಿಲು ತೆರೆದಿರಬೇಕು. ಮದುವೆ ಮಾಡಿಕೊಟ್ಟ ಮೇಲೆ ಮಗಳು ಹೊರಗಿನವಳು ಎಂಬ ಭಾವನೆ ಎಷ್ಟೋ ಹೆಣ್ಣುಮಕ್ಕಳ ಕೊನೆಯ ಆಸರೆಯನ್ನು ಕಸಿದಿದೆ. ಮದುವೆಯ ದಿನವೇ ತಂದೆತಾಯಿ ಮಗಳಿಗೆ "ಕಷ್ಟ ಬಂದರೆ ಈ ಮನೆ ನಿನ್ನದೇ" ಎಂದು ಹೇಳಿ ಕಳುಹಿಸಲಿ. ವರನ ಕಿವಿಗೂ ಆ ಮಾತು ಬೀಳಲಿ.

ಐದು, ದುಡಿಮೆಗೆ ದಾರಿ ಮಾಡಬೇಕು. ಆಕೆಯ ಕೂಲಿಯನ್ನು ಆಕೆಯ ಕೈಗೆ, ಆಕೆಯ ಖಾತೆಗೆ ಕೊಡುವುದು ತೋಟದ ಮಾಲೀಕರು ಇಂದೇ ಮಾಡಬಹುದಾದ ಕೆಲಸ. ಗಂಡನಿಂದ ಬೇರೆಯಾದರೂ ಲೈನ್ ಮನೆಯಲ್ಲಿ ಆಕೆಗೆ ಸ್ಥಳ ಕೊಡುವುದು ದೊಡ್ಡ ದಾಸೋಹವೇ ಸರಿ.

ಆರು, ಗಂಡಸರು ಗಂಡಸರೊಡನೆ ಮಾತನಾಡಬೇಕು. ಹೊಡೆಯುವವನಿಗೆ ಹೆಂಗಸರ ಬುದ್ಧಿವಾದಕ್ಕಿಂತ ಜೊತೆಗಾರನ ಒಂದು ಮಾತು ನಾಟುತ್ತದೆ. ಹೆಂಡತಿಗೆ ಹೊಡೆದದ್ದನ್ನು ಹೇಳಿಕೊಂಡು ನಗುವವನ ಜೊತೆ ನಗದಿರುವುದು ಮೊದಲ ಹೆಜ್ಜೆ.

ಏಳು, ನಿರ್ಧಾರ ಆಕೆಯದು. ಬಿಟ್ಟು ಬರಬೇಕೋ, ಉಳಿಯಬೇಕೋ, ದೂರು ಕೊಡಬೇಕೋ ಎಂಬುದನ್ನು ನಾವು ಹೇರಬಾರದು. ಹಿಂದಕ್ಕೆ ಹೋದರೂ ಕೋಪಿಸಿಕೊಳ್ಳದೆ, ಮತ್ತೆ ಬಂದರೂ "ಆಗಲೇ ಹೇಳಿದ್ದೆವು" ಎನ್ನದೆ, ಎರಡನೆಯ ಸಲವೂ ಮೂರನೆಯ ಸಲವೂ ಬಾಗಿಲು ತೆರೆಯಬೇಕು.

ಕೊನೆಯದಾಗಿ

ಸಂಸಾರ ಒಡೆಯಬಾರದೆಂಬುದು ಎಲ್ಲ ಹಿರಿಯರ ಸದಾಶಯ. ಆ ಆಶಯವನ್ನು ನಾವೂ ಗೌರವಿಸುತ್ತೇವೆ. ಆದರೆ ಸಂಸಾರವನ್ನು ಒಡೆಯುವುದು ದೂರು ಕೊಡುವ ಹೆಣ್ಣಲ್ಲ, ಎತ್ತಿದ ಕೈ. ಹಿಂಸೆ ನಿಂತರೆ ಎಷ್ಟೋ ಸಂಸಾರಗಳು ಉಳಿಯುತ್ತವೆ, ಅವು ಉಳಿಯಬೇಕು. ಹಿಂಸೆ ನಿಲ್ಲದಿದ್ದರೆ ಜೀವ ಉಳಿಯುವುದು ಮುಖ್ಯ. ಈ ಕ್ರಮವನ್ನು ತಲೆಕೆಳಗು ಮಾಡಬಾರದು: ಮೊದಲು ಸುರಕ್ಷತೆ, ಆಮೇಲೆ ಸತ್ಯ, ಆಮೇಲೆ ಸಂಧಾನ. ಮಠಕ್ಕೆ, ಪಂಚಾಯಿತಿಗೆ, ತವರಿಗೆ ಬಂದ ಪ್ರತಿಯೊಂದು ಪ್ರಕರಣದಲ್ಲಿಯೂ ಇದೇ ಕ್ರಮವನ್ನು ಪಾಲಿಸಬೇಕೆಂದು ಹಿರಿಯರಲ್ಲಿ ನಮ್ಮ ವಿನಂತಿ.

ಈ ಬರಹವನ್ನು ಓದುತ್ತಿರುವ ಯಾವ ತಾಯಿಯಾದರೂ, ಮಗಳಾದರೂ ಇದೇ ನೋವಿನಲ್ಲಿದ್ದರೆ, ಅವರಿಗೆ ಒಂದು ಮಾತು. ಇದು ನಿಮ್ಮ ಕರ್ಮಫಲವಲ್ಲ, ನಿಮ್ಮ ಸಹನೆಯ ಪರೀಕ್ಷೆಯೂ ಅಲ್ಲ. ನಿಮಗೆ ನಂಬಿಕೆಯಿರುವ ಒಬ್ಬರಿಗೆ ಇಂದು ಹೇಳಿ. ಅವರು ಕೇಳದಿದ್ದರೆ ಇನ್ನೊಬ್ಬರಿಗೆ ಹೇಳಿ. ಕೇಳುವವರು ಸಿಗುವವರೆಗೂ ಹೇಳಿ.